ಶ್ರುತಿಶುದ್ಧಿ (ಗಾಯನ)

ಶ್ರುತಿಶುದ್ಧಿ ಎಂದರೆ ಗಾಯಕರು ಹಾಡುವ ಸ್ವರಗಳು ಆಧಾರ ಷಡ್ಜದಿಂದ ಸರಿಯಾದ ಅಂತರದಲ್ಲಿ ನಿಲ್ಲುವುದು. ಹಾಗೆ ನಿಲ್ಲದಿದ್ದರೆ ಅದನ್ನು ಅಪಶ್ರುತಿ ಎನ್ನುತ್ತಾರೆ. ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಭಾವಿಸುವ ಕರ್ನಾಟಕ ಸಂಗೀತದಲ್ಲಿ ಇದು ಗಾಯನದ ಮೊದಲ ಅಗತ್ಯ. ಅಪಶ್ರುತಿಯು ಕೇಳುಗರಿಗೆ ಬೇಗನೆ ತಿಳಿಯುತ್ತದೆ; ಹಾಡುವವರಿಗೆ ಅನೇಕ ವೇಳೆ ತಿಳಿಯುವುದಿಲ್ಲ. ಅದನ್ನು ಗಾಯಕರು ಸ್ವತಃ ಕಂಡುಕೊಳ್ಳುವ ಬಗೆ ಈ ಲೇಖನದ ವಿಷಯ.

ಪದದ ಅರ್ಥ

ಭರತನ ನಾಟ್ಯಶಾಸ್ತ್ರದಲ್ಲಿ ಒಂದು ಸಪ್ತಕದ 22 ಸೂಕ್ಷ್ಮ ವಿಭಾಗಗಳಿಗೆ ಶ್ರುತಿ ಎಂಬ ಹೆಸರಿದೆ. ಇಂದಿನ ರೂಢಿಯಲ್ಲಿ ಗಾಯಕರು ತಮ್ಮ ಕಂಠಕ್ಕೆ ಒಪ್ಪುವಂತೆ ಆಯ್ದುಕೊಂಡ ಆಧಾರ ಷಡ್ಜವನ್ನು ಶ್ರುತಿ ಎನ್ನುತ್ತಾರೆ. ಇಲ್ಲಿ ಎರಡನೆಯ ಅರ್ಥವನ್ನೇ ಇಟ್ಟುಕೊಳ್ಳಲಾಗಿದೆ.

ತನ್ನ ಧ್ವನಿ ತನಗೆ ತಿಳಿಯದಿರಲು ಕಾರಣ

ಹಾಡುವವರಿಗೆ ತಮ್ಮ ಧ್ವನಿ ಗಾಳಿಯ ಮೂಲಕವಷ್ಟೇ ಅಲ್ಲದೆ ತಲೆಯ ಮೂಳೆಗಳ ಮೂಲಕವೂ ಒಳಗಿವಿಯನ್ನು ತಲುಪುತ್ತದೆ. ಆದ್ದರಿಂದ ಅವರು ಕೇಳುವ ಧ್ವನಿಯೂ ಸಭೆಯು ಕೇಳುವ ಧ್ವನಿಯೂ ಒಂದೇ ಆಗಿರುವುದಿಲ್ಲ. ಗಟ್ಟಿಯಾಗಿ ಹಾಡಿದಾಗ ಸ್ವಂತ ಧ್ವನಿಯು ತಂಬೂರಿಯ ನಾದವನ್ನು ಮುಚ್ಚಿಬಿಡುತ್ತದೆ. ಹೋಲಿಸಿ ನೋಡಲು ಆಧಾರವೇ ಉಳಿಯುವುದಿಲ್ಲ. ಕೆಲವು ಗಾಯಕರು ಕಿವಿಗೆ ಕೈ ಅಡ್ಡ ಹಿಡಿದು ಹಾಡುವುದು ತಮ್ಮ ಧ್ವನಿಯನ್ನು ಸ್ಪಷ್ಟವಾಗಿ ಕೇಳಿಸಿಕೊಳ್ಳುವುದಕ್ಕಾಗಿ.

ಶ್ರುತಿ ಸೇರಿದುದರ ಲಕ್ಷಣ

ಎರಡು ನಾದಗಳ ಕಂಪನಸಂಖ್ಯೆಗಳು ತೀರ ಹತ್ತಿರವಿದ್ದು ಒಂದೇ ಆಗಿಲ್ಲದಿದ್ದರೆ ಧ್ವನಿಯು ಅಲೆಯಲೆಯಾಗಿ ಏರಿಳಿಯುತ್ತದೆ. ಇದಕ್ಕೆ ವಿಸ್ಪಂದನ ಎಂದು ಹೆಸರು. ಉದಾಹರಣೆಗೆ, ಆಧಾರ ಷಡ್ಜವು ಸೆಕೆಂಡಿಗೆ 200 ಕಂಪನಗಳಾಗಿದ್ದು ಗಾಯಕರು 203ರಲ್ಲಿ ಹಾಡಿದರೆ ಸೆಕೆಂಡಿಗೆ 3 ಅಲೆಗಳು ಉಂಟಾಗುತ್ತವೆ. ಮನುಷ್ಯನ ಕಂಠ ಸ್ವಲ್ಪ ಅಲುಗುವುದರಿಂದ ಇವನ್ನು ಎಣಿಸುವುದು ಕಷ್ಟ. ಅವು ಒಂದು ಬಗೆಯ ಒರಟುತನವಾಗಿ ಕೇಳಿಸುತ್ತವೆ. ಧ್ವನಿ ಸರಿಯಾದ ಸ್ಥಾನಕ್ಕೆ ಬಂದೊಡನೆ ಒರಟುತನ ಅಡಗಿ, ಕಂಠವು ತಂಬೂರಿಯಲ್ಲಿ ಕರಗಿದಂತಾಗುತ್ತದೆ. ಶ್ರುತಿಯಲ್ಲಿ ಲೀನವಾಗುವುದು ಎನ್ನುವುದು ಇದನ್ನೇ.

ಪಂಚಮಕ್ಕೂ ಷಡ್ಜಕ್ಕೂ ಇರುವ ಪ್ರಮಾಣ 3:2. 200 ಕಂಪನಗಳ ಷಡ್ಜಕ್ಕೆ ಪಂಚಮ 300. ಷಡ್ಜದ ಮೂರನೆಯ ಉಪಸ್ವರವೂ ಪಂಚಮದ ಎರಡನೆಯ ಉಪಸ್ವರವೂ 600ರಲ್ಲಿ ಕೂಡುವುದರಿಂದ ಅಲ್ಲಿಯೂ ಇದೇ ಪರೀಕ್ಷೆ ಸಾಧ್ಯ.

ಪರೀಕ್ಷಿಸುವ ಕ್ರಮ

ಮೊದಲು ತಂಬೂರಿಯೇ ಶ್ರುತಿಯಲ್ಲಿರಬೇಕು. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ, ಅದಕ್ಕೆಂದು ಮೀಸಲಾದ ತಂತಿಯಿಲ್ಲದಿದ್ದರೂ, ಅಂತರ ಗಾಂಧಾರವು ತಾನಾಗಿ ಕೇಳಿಸುತ್ತದೆ. ಇದನ್ನು ಸ್ವಯಂಭು ಗಾಂಧಾರ ಎನ್ನುತ್ತಾರೆ.

ಅನಂತರ ಮೆಲುದನಿಯಲ್ಲಿ ಅಕಾರದಿಂದ ಷಡ್ಜವನ್ನು ನೀಳವಾಗಿ ಹಿಡಿಯಬೇಕು. ಬೇಕೆಂದೇ ತುಸು ಕೆಳಗೆ ಆರಂಭಿಸಿ ನಿಧಾನವಾಗಿ ಏರಿಸುತ್ತ ಒರಟುತನ ಅಡಗುವ ಸ್ಥಾನವನ್ನು ಗುರುತಿಸಬೇಕು; ಅದನ್ನು ದಾಟಿ ಮತ್ತೆ ಹಿಂದಿರುಗಬೇಕು. ತಪ್ಪು ಹೇಗೆ ಕೇಳಿಸುತ್ತದೆಂದು ತಿಳಿದ ಕಿವಿಗೆ ಸರಿ ಬೇಗ ಸಿಗುತ್ತದೆ. ಬಳಿಕ ಪಂಚಮ, ತಾರ ಷಡ್ಜ, ಕೊನೆಗೆ ಉಳಿದ ಸ್ವರಗಳನ್ನು ಹೀಗೆಯೇ ಪರೀಕ್ಷಿಸಬಹುದು.

ಹಾಡನ್ನು ತಂಬೂರಿಯೊಡನೆ ಧ್ವನಿಮುದ್ರಿಸಿ ಕೇಳಿದರೆ ಮೂಳೆಯ ಮೂಲಕ ಬರುವ ಧ್ವನಿಯ ಅಡ್ಡಿ ಇರುವುದಿಲ್ಲ. ಉಸಿರು ಮುಗಿಯುವ ಸಾಲಿನ ಕೊನೆಯಲ್ಲಿ ಸ್ವರ ಇಳಿಯುತ್ತದೆಯೇ, ತಾರಸ್ಥಾಯಿಯಲ್ಲಿ ನಿಲುಕದೆ ಹೋಗುತ್ತದೆಯೇ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು.

ಉಪಕರಣಗಳ ಮಿತಿ

ಮೊಬೈಲಿನ ಶ್ರುತಿಮಾಪಕಗಳು ಸಾಮಾನ್ಯವಾಗಿ ಸಪ್ತಕವನ್ನು 12 ಸಮಭಾಗಗಳಾಗಿ ಎಣಿಸುತ್ತವೆ. ಸಪ್ತಕವನ್ನು 1200 ಸೆಂಟ್‌ಗಳೆಂದು ಅಳೆದರೆ ಆ ಕ್ರಮದಲ್ಲಿ ಅಂತರ ಗಾಂಧಾರ 400 ಸೆಂಟ್‌. ತಂಬೂರಿಯ ಸ್ವಯಂಭು ಗಾಂಧಾರವಾದರೋ ಸುಮಾರು 386. ಅಲ್ಲದೆ ತೋಡಿಯ ಗಾಂಧಾರದಂತಹ ಕಂಪಿತ ಸ್ವರಗಳಲ್ಲಿ ಮಾಪಕದ ಮುಳ್ಳು ಓಲಾಡುತ್ತಿರುತ್ತದೆ; ಅದು ದೋಷವಲ್ಲ, ಗಮಕ. ಆದುದರಿಂದ ಇಂತಹ ಉಪಕರಣವು ಷಡ್ಜ ಪಂಚಮಗಳ ಪರೀಕ್ಷೆಗೆ ನೆರವಾದೀತೇ ಹೊರತು ರಾಗಕ್ಕೆ ತೀರ್ಪುಗಾರನಾಗದು.

ಶ್ರುತಿಜ್ಞಾನ ಮತ್ತು ಅಭ್ಯಾಸ

ಸ್ವರವನ್ನು ಗ್ರಹಿಸುವುದು ಒಂದು ಶಕ್ತಿ. ಗ್ರಹಿಸಿದ್ದನ್ನು ಕಂಠದಲ್ಲಿ ತರುವುದು ಇನ್ನೊಂದು. ಸ್ವರಭೇದವನ್ನು ಜನ್ಮತಃ ಗ್ರಹಿಸಲಾರದವರು ಕೆಲವರೇ. ಇತರರ ತಪ್ಪನ್ನು ಗುರುತಿಸಬಲ್ಲ ವಿದ್ಯಾರ್ಥಿಯು ತಾನು ಹಾಡುವಾಗ ತಪ್ಪಿದರೆ, ಅವನಿಗೆ ಶ್ರುತಿಜ್ಞಾನವಿಲ್ಲವೆಂದು ಹಾಡುವುದನ್ನೇ ಬಿಡಿಸುವುದು ಸರಿಯಲ್ಲ. ಅವನ ಕಿವಿ ಸರಿಯಿದೆ, ಪಳಗಬೇಕಾದುದು ಕಂಠ. ಆರಂಭದ ಸರಳೆ ವರಸೆಗಳನ್ನು ತಂಬೂರಿಯೊಡನೆ ನಿಧಾನ ಕಾಲದಲ್ಲಿ ಹಾಡಿಸುವುದರ ಉದ್ದೇಶಗಳಲ್ಲಿ ಇದೂ ಒಂದು.