ನಮ್ಮ ಹಿಂದೆ ಊರಿಗಿಷ್ಟು ಉಳಿಯಲಿ

ಮೃತ್ಯುಪತ್ರ ಎಂದರೆ ಸಾಕು, ಮನೆಯ ಹಿರಿಯರು "ಬಿಡ್ತು ಅನ್ನವಾ, ದೀಪಾ ಹಚ್ಚೋ ಹೊತ್ನಾಗ ಎಂಥಾ ಮಾತದು!" ಎಂದು ಗದರಿಸುತ್ತಾರೆ. ಆದರೂ ಸೋದರಿಯರೇ, ಇಂದು ಅದೇ ಮಾತು ತೆಗೆಯುತ್ತಿದ್ದೇನೆ. ಮಗಳಿಗೆ ಬಂಗಾರ, ಸೊಸೆಗೆ ರೇಷ್ಮೆ ಸೀರೆ ಎಂದು ನಾವು ಮನಸ್ಸಿನಲ್ಲೇ ಹಂಚಿಟ್ಟಿರುತ್ತೇವೆ. ನಮ್ಮನ್ನು ಸಾಕಿದ ಊರಿಗೆ ಏನು?

ದತ್ತಿ ಬಿಡುವುದು ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಜಿಲ್ಲೆಯದೇ ಚಿತ್ತಾಪುರ ತಾಲ್ಲೂಕಿನ ನಾಗಾವಿಯಲ್ಲಿ 1058ರ ಶಾಸನವಿದೆ. ಚಾಲುಕ್ಯರ ದಂಡನಾಯಕ ಮಧುಸೂದನ ಅಲ್ಲಿ ವಿದ್ಯಾಲಯ ಕಟ್ಟಿಸಿ ದತ್ತಿ ಬಿಟ್ಟದ್ದು ಅದರಲ್ಲಿದೆ. ಇನ್ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು, ಪುಸ್ತಕ ನೋಡಿಕೊಳ್ಳಲಿಕ್ಕೇ ಆರು ಮಂದಿ! ಇವತ್ತಿಗೆ ಎಷ್ಟು ಊರಿನ ವಾಚನಾಲಯದಲ್ಲಿ ಆರು ಮಂದಿ ಇದ್ದಾರೆ, ನೀವೇ ಹೇಳಿ.

ಇತ್ತೀಚಿನ ಕಾಲಕ್ಕೆ ಬಂದರೆ ಬೆಳಗಾವಿ ಕಡೆಯ ಸಿರಸಂಗಿ ಲಿಂಗರಾಜ ದೇಸಾಯರು. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿ ಸಿರಸಂಗಿ ವಾಡೆಗೆ ದತ್ತು ಬಂದವರು. ಸ್ವಂತ ಮಕ್ಕಳಿರಲಿಲ್ಲ. ದೇಸಗತಿಯ ಆಸ್ತಿಯನ್ನೆಲ್ಲ ತಮ್ಮ ವೀರಶೈವ ಸಮಾಜದ ಮಕ್ಕಳ ಓದಿಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಬಾಯಲ್ಲಿ ಹೇಳಿ ಹೋಗಿದ್ದರೆ ಅಷ್ಟು ದೊಡ್ಡ ಆಸ್ತಿ ಆ ಮಕ್ಕಳಿಗೆ ಮುಟ್ಟುತ್ತಿತ್ತೇ? ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರಿನದೇ.

ಅವರು ದೇಸಾಯರು, ನಮ್ಮದೇನಿದೆ ಅನ್ನಬೇಡಿ. ನಮ್ಮ ಓಣಿಯಲ್ಲಿ ಮಕ್ಕಳಿಲ್ಲದ ಒಬ್ಬ ವಿಧವೆ ಅಜ್ಜಿ ಇದ್ದರು. ಗಂಡ ಬಿಟ್ಟುಹೋದ ಎರಡು ಖೋಲಿಯ ಮನೆ. "ನನ್ನ ಹಿಂದ ಈ ಮನಿ ಹೆಣ್ಣುಡುಗ್ಯಾರ ಸಾಲಿಗೆ" ಎಂದು ಬಂದವರೆದುರೆಲ್ಲ ಹೇಳುತ್ತಿದ್ದರು. ಒಂದು ಕಾಗದದಲ್ಲಿ ಬರೆಯಲಿಲ್ಲ. ಅಜ್ಜಿ ಹೋದ ಮೇಲೆ ಸೊಲ್ಲಾಪುರದಿಂದ ಗಂಡನ ಅಣ್ಣನ ಮಕ್ಕಳು ಬಂದರು, ಮನೆ ಮಾರಿದರು. ಅವರನ್ನು ಬೈಯುವಂತಿಲ್ಲ, ಕಾಯ್ದೆಯೇ ಅವರಿಗೆ ಕೊಟ್ಟದ್ದು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಗಳು ತನ್ನ ಆಸ್ತಿಗೆ ತಾನೇ ಪೂರ್ಣ ಒಡತಿ. ಯಾರಿಗೆ ಬೇಕಾದರೂ ಬರೆದಿಡಬಹುದು. (ಬದುಕಿರುವವರೆಗೆ ಮಾತ್ರ ಎಂದು ಬರೆದುಕೊಟ್ಟ ಆಸ್ತಿಯ ಮಾತು ಬೇರೆ.) ಬರೆಯದೆ ಹೋದರೆ, ಮಕ್ಕಳು ಮೊಮ್ಮಕ್ಕಳು ಇಲ್ಲದಾಗ, ಗಂಡನಿಂದ ಬಂದದ್ದು ಗಂಡನ ಕಡೆಯವರಿಗೆ, ತಂದೆತಾಯಿಯಿಂದ ವಾರಸಾಗಿ ಬಂದದ್ದು ತಂದೆಯ ಕಡೆಯವರಿಗೆ. ಮುಸ್ಲಿಂ ಸೋದರಿಯರಿಗೆ ಅವರದೇ ನಿಯಮವಿದೆ: ವಾರಸುದಾರರ ಒಪ್ಪಿಗೆಯಿಲ್ಲದೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬರೆದಿಡುವಂತಿಲ್ಲ.

ಬರೆಯುವುದು ಕಷ್ಟವಲ್ಲ. ಸ್ಟ್ಯಾಂಪ್ ಕಾಗದ ಬೇಡ, ಬಿಳಿ ಹಾಳೆ ಸಾಕು. ನಿಮ್ಮ ಸಹಿ ಅಥವಾ ಹೆಬ್ಬೆಟ್ಟು, ಅದನ್ನು ಕಣ್ಣಾರೆ ಕಂಡ ಇಬ್ಬರು ಸಾಕ್ಷಿಗಳ ಸಹಿ. ರಜಿಸ್ಟರ್ ಕಡ್ಡಾಯವಲ್ಲ, ಆದರೂ ನಾಳೆ ತಕರಾರು ಬರಬಹುದೆಂಬ ಅನುಮಾನವಿದ್ದರೆ ಮಾಡಿಸಿಬಿಡಿ. ಬದುಕಿರುವತನಕ ಯಾವಾಗ ಬೇಕಾದರೂ ಬದಲಿಸಬಹುದು. ಬ್ಯಾಂಕಿನಲ್ಲಿ ನಾಮಿನಿ ಹೆಸರು ಕೊಟ್ಟಿದ್ದೇವಲ್ಲ ಎಂದು ಸುಮ್ಮನಿರಬೇಡಿ. ನಾಮಿನಿ ಹಣ ತೆಗೆದುಕೊಳ್ಳುವವರು ಮಾತ್ರ, ಅದರ ಒಡೆಯರಲ್ಲ.

ಮನೆಯನ್ನೇ ಕೊಡಬೇಕೆಂದಿಲ್ಲ. ಮಕ್ಕಳ ಪಾಲು ಕಿತ್ತು ಊರಿಗೆ ಕೊಡುವುದು ನನಗೂ ಸರಿ ಕಾಣದು. ಎರಡು ಬಳೆಯ ಬೆಲೆ ಸಾಕು. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ದತ್ತಿನಿಧಿಗಳಿವೆಯಲ್ಲ, ಹಾಗೆಯೇ ನಿಮ್ಮೂರಿನ ಶಾಲೆಯಲ್ಲೂ ಇಡಬಹುದು. ಅಸಲು ಬ್ಯಾಂಕಿನಲ್ಲಿ ಉಳಿಯುತ್ತದೆ, ವರ್ಷದ ಬಡ್ಡಿಯಲ್ಲಿ ಬಡ ಹುಡುಗಿಯೊಬ್ಬಳಿಗೆ ಪುಸ್ತಕ, ಪರೀಕ್ಷೆಯ ಫೀ. ಮೊದಲೇ ಹೋಗಿ ಮುಖ್ಯೋಪಾಧ್ಯಾಯರನ್ನು ಕೇಳಿ, ಅವರು ಒಪ್ಪಿಕೊಳ್ಳುವಂತಿರಬೇಕಲ್ಲ. "ಸಾಲಿಗೆ" ಎಂದಷ್ಟೇ ಬರೆದರೆ ಯಾವ ಶಾಲೆ ಎಂದು ಜಗಳ ಹತ್ತುತ್ತದೆ. ಪೂರ್ಣ ಹೆಸರು, ಊರು, ಯಾವ ಕೆಲಸಕ್ಕೆ, ಅಸಲು ಮುಟ್ಟಬಾರದು, ಆ ಶಾಲೆ ಮುಚ್ಚಿದರೆ ಮುಂದೆ ಯಾರಿಗೆ, ಎಲ್ಲ ಬಿಡಿಸಿ ಬರೆಯಿರಿ. ನಡೆಸಿಕೊಡುವವರು ಯಾರೆಂದೂ ಹೆಸರಿಸಿ, ಅವರ ಕೈಗೊಂದು ನಕಲು ಕೊಡಿ.

ಇನ್ನು ಅಸಲು ಪತ್ರ ಎಲ್ಲಿಟ್ಟಿದ್ದೀರೆಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ. ಟ್ರಂಕಿನಲ್ಲಿರಲಿ, ತಿಜೋರಿಯಲ್ಲಿರಲಿ. ತೊಗರಿಬೇಳೆ ಡಬ್ಬಿಯಲ್ಲಿ ಮಾತ್ರ ಬೇಡ!