ಫ್ರೇಮ್‌ವರ್ಕ್ ಕೈಕೊಟ್ಟಾಗ ನಮ್ಮ ಕೋಡ್ ಉಳಿಯೋದು ಹೇಗೆ?

ಸಾಫ್ಟ್‌ವೇರ್ ಕೆಲಸದಲ್ಲಿರೋ ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗೋ ವಿಷಯ ಇವತ್ತಿನದು. ವರ್ಷಗಟ್ಟಲೆ ಒಂದು ಫ್ರೇಮ್‌ವರ್ಕ್ ನಂಬಿ ಕೋಡ್ ಬರೆದಿರ್ತೀವಿ. ಅದನ್ನು ತಂದ ಕಂಪನಿ ಒಂದು ದಿನ "ಇನ್ನು ಸಪೋರ್ಟ್ ಇಲ್ಲ" ಅನ್ನುತ್ತೆ. ಆಗ ಏನು ಮಾಡೋದು?

ಸಿಲ್ವರ್‌ಲೈಟ್ ಉದಾಹರಣೆ ತಗೊಳ್ಳೋಣ. ಮೈಕ್ರೋಸಾಫ್ಟ್ ಇದನ್ನು 2007ರಲ್ಲಿ ತಂದಿತು. ಫ್ಲ್ಯಾಶ್ ಥರ ಇದೂ ಬ್ರೌಸರ್ ಪ್ಲಗಿನ್. 2008ರ ಬೀಜಿಂಗ್ ಒಲಿಂಪಿಕ್ಸನ್ನು ಅಮೆರಿಕದ ಎನ್‌ಬಿಸಿ ತನ್ನ ವೆಬ್‌ಸೈಟಿನಲ್ಲಿ ತೋರಿಸಿದ್ದು ಇದರ ಮೂಲಕವೇ. ಜಾವಾಸ್ಕ್ರಿಪ್ಟ್ ಬದಲು ಸಿ ಶಾರ್ಪ್‌ನಲ್ಲೇ ವೆಬ್ ಸ್ಕ್ರೀನ್ ಬರೆಯಬಹುದಿತ್ತು. ಹಾಗಾಗಿ ಎಷ್ಟೋ ಕಂಪನಿಗಳು ತಮ್ಮ ಒಳಗಿನ ಕೆಲಸಕ್ಕೆ ಬೇಕಾದ ಅಪ್ಲಿಕೇಶನ್‌ಗಳನ್ನು ಇದರಲ್ಲೇ ಕಟ್ಟಿಸಿಕೊಂಡವು.

2010ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟಿನ ಬಾಬ್ ಮಗ್ಲಿಯಾ ಒಂದು ಸಂದರ್ಶನದಲ್ಲಿ, ಎಲ್ಲ ಸಾಧನಗಳಿಗೂ ಸಲ್ಲುವ ದಾರಿ ಎಚ್‌ಟಿಎಂಎಲ್ 5 ಅನ್ನುವ ಅರ್ಥದ ಮಾತಾಡಿದರು. 2011ರ ಡಿಸೆಂಬರ್‌ನಲ್ಲಿ ಐದನೇ ಆವೃತ್ತಿ ಬಂತು. ಆರನೆಯದು ಬರಲೇ ಇಲ್ಲ. ಆದರೆ ಸಪೋರ್ಟ್ ಮುಗಿಯುವ ದಿನ 2021ರ ಅಕ್ಟೋಬರ್ 12. "ಇನ್ನೂ ಹತ್ತು ವರ್ಷ ಇದೆಯಲ್ಲ" ಅಂತ ಎಷ್ಟೋ ಜನ ಸುಮ್ಮನಾದರು.

ಅವರು ಎಡವಿದ್ದು ಇಲ್ಲೇ ನೋಡಿ. 2015ರಲ್ಲಿ ಬಂದ ಮೈಕ್ರೋಸಾಫ್ಟಿನದೇ ಎಡ್ಜ್ ಬ್ರೌಸರ್ ಸಿಲ್ವರ್‌ಲೈಟನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಇಂಥ ಪ್ಲಗಿನ್‌ಗಳಿಗಿದ್ದ ದಾರಿಯನ್ನು ಪೂರ್ತಿ ಮುಚ್ಚಿತು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಕೂಡ ಅದೇ ಹಾದಿ ಹಿಡಿಯಿತು. ಕಾಗದದ ಮೇಲೆ ಆಯಸ್ಸು ಇನ್ನೂ ಇತ್ತು, ಓಡೋದಕ್ಕೆ ಮಾತ್ರ ಹೆಚ್ಚುಕಮ್ಮಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದೇ ಗತಿ. ಆದ್ದರಿಂದ ಕಂಪನಿ ಕೊಡೋ ಕೊನೆಯ ದಿನಾಂಕ ಒಂದನ್ನೇ ನೋಡಿ ಕೂರಬೇಡಿ. ಹೊಸ ಆವೃತ್ತಿ ಬರ್ತಿದೆಯಾ? ಕಂಪನಿ ತನ್ನ ಹೊಸ ಉತ್ಪನ್ನಗಳಲ್ಲಿ ಅದನ್ನು ಬಳಸ್ತಿದೆಯಾ? ಅದು ಯಾವುದರ ಮೇಲೆ ನಿಂತಿದೆಯೋ ಆ ಬ್ರೌಸರ್ ಅಥವಾ ಆಪರೇಟಿಂಗ್ ಸಿಸ್ಟಮ್ ಏನನ್ನುತ್ತಿದೆ? ಆರು ತಿಂಗಳಿಗೊಮ್ಮೆ ಈ ಮೂರನ್ನೂ ನೋಡಿಕೊಳ್ಳಿ.

ಪುಣೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇಂಥದ್ದೊಂದು ಸಿಲ್ವರ್‌ಲೈಟ್ ಅಪ್ಲಿಕೇಶನ್ನನ್ನು ಬದಲಾಯಿಸೋ ಕೆಲಸ ನನ್ನ ಪಾಲಿಗೆ ಬಂತು. ಸ್ಕ್ರೀನ್‌ಗಳನ್ನು ಮತ್ತೆ ಬರೆಯೋದು ಅಷ್ಟೇನೂ ಕಷ್ಟ ಆಗಲಿಲ್ಲ. ವಿಮೆಯ ಕಂತು ಲೆಕ್ಕ ಹಾಕುವ ನಿಯಮಗಳು ಒಂದೊಂದು ಬಟನ್ನಿನ ಹಿಂದೆ ಒಂದೊಂದು ಚೂರಾಗಿ ಹಂಚಿಹೋಗಿದ್ದವು. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಒಂದು ರಿಯಾಯಿತಿ ಯಾಕಿದೆ ಅಂತ ಕೇಳಿದರೆ ಉತ್ತರ ಹೇಳೋರು ಯಾರೂ ಇಲ್ಲ. ತಿಂಗಳುಗಳು ಹೋಗಿದ್ದು ಅದನ್ನು ಹುಡುಕೋದರಲ್ಲಿ.

ಅಂದ್ರೆ, ಫ್ರೇಮ್‌ವರ್ಕ್ ಹೋದಾಗ ನಿಜವಾಗಿ ಕಳೆದುಹೋಗುವ ಅಪಾಯ ಇರೋದು ವ್ಯವಹಾರದ ನಿಯಮಗಳಿಗೆ. ಅವನ್ನು ಬೇರೆ ಲೈಬ್ರರಿಯಲ್ಲಿ ಇಡಿ. ಅದರೊಳಗೆ ಫ್ರೇಮ್‌ವರ್ಕಿನ ಹೆಸರೂ ಬರಬಾರದು. ಅದಕ್ಕೆ ಟೆಸ್ಟ್ ಬರೆದಿಡಿ. ಆಗ ಮೇಲಿನ ಸ್ಕ್ರೀನ್ ಬದಲಾದರೂ ಲೆಕ್ಕ ಸರಿಯಿದೆ ಅನ್ನೋ ಧೈರ್ಯ ಇರುತ್ತೆ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ? ಎಲ್ಲವನ್ನೂ ಒಂದೇ ಸಲ ಹೊಸದಾಗಿ ಬರೆಯೋಕೆ ಹೋಗಬೇಡಿ. ತಾಳೆಮರದ ಮೇಲೆ ಹಕ್ಕಿ ಬೀಳಿಸಿದ ಬೀಜದಿಂದ ಆಲ ಚಿಗುರೋದನ್ನು ನೋಡಿರ್ತೀರಿ. ಬೇರು ಇಳಿಬಿಟ್ಟು, ತಾಳೆಯನ್ನು ಸುತ್ತಿಕೊಂಡು, ಕೊನೆಗೆ ತಾನೇ ನಿಲ್ಲುತ್ತೆ. ಮಾರ್ಟಿನ್ ಫೌಲರ್ ಇಂಥದ್ದೇ ಜಾತಿಯ ಮರದ ಹೆಸರನ್ನು ಒಂದು ವಿಧಾನಕ್ಕೆ ಇಟ್ಟರು: ಸ್ಟ್ರಾಂಗ್ಲರ್ ಫಿಗ್. ಹಳೆಯದು ಓಡುತ್ತಿರುವಾಗಲೇ ಒಂದೊಂದೇ ಭಾಗವನ್ನು ಹೊಸದಕ್ಕೆ ಸಾಗಿಸಿ, ಬಳಕೆದಾರರನ್ನು ಆ ಭಾಗಕ್ಕೆ ಮಾತ್ರ ಹೊಸ ಕಡೆ ತಿರುಗಿಸೋದು.

ಗೂಗಲ್‌ನ ಆಂಗ್ಯುಲರ್‌ಜೆಎಸ್ ವಿಷಯದಲ್ಲಿ ಇದು ಸಾಧ್ಯವಿತ್ತು. 2016ರಲ್ಲಿ ಬಂದ ಆಂಗ್ಯುಲರ್ 2 ಹಳೆಯದಕ್ಕೆ ಹೊಂದುತ್ತಿರಲಿಲ್ಲ. ಆದರೂ ಎರಡನ್ನೂ ಒಂದೇ ಅಪ್ಲಿಕೇಶನ್ನಲ್ಲಿ ಒಟ್ಟಿಗೆ ಓಡಿಸೋ ಸಲಕರಣೆ ಕೊಟ್ಟಿದ್ದರು. ಹಳೆಯದರ ಸಪೋರ್ಟ್ ನಿಂತಿದ್ದು 2021ರ ಡಿಸೆಂಬರ್ 31ಕ್ಕೆ. ಅದರ ಮೂಲ ಕೋಡ್ ಕೂಡ ಮುಕ್ತವಾಗಿತ್ತು, ಬೇಕಾದವರು ತಾವೇ ರಿಪೇರಿ ಮಾಡಿಕೊಳ್ಳಬಹುದಿತ್ತು. ಹಾಗಂತ ಓಪನ್ ಸೋರ್ಸ್ ಅಂದಕೂಡಲೇ ನಿಶ್ಚಿಂತೆ ಅಲ್ಲ. ರಿಪೇರಿ ಮಾಡೋ ಜನ, ಸಮಯ ಎರಡೂ ನಿಮ್ಮ ಟೀಮಿನಲ್ಲಿ ಇರಬೇಕು.

"ನಾನು ಕಲಿತದ್ದೆಲ್ಲ ದಂಡವಾಯ್ತಾ?" ಅಂತ ಗೆಳೆಯರು ಕೇಳ್ತಾರೆ. ಸಿಲ್ವರ್‌ಲೈಟಿನಲ್ಲಿ ಕಲಿತ ಡೇಟಾ ಬೈಂಡಿಂಗ್ ನನಗೆ ಆಂಗ್ಯುಲರ್‌ನಲ್ಲೂ ಕೆಲಸಕ್ಕೆ ಬಂತು. ಹೆಸರು, ಬರೆಯೋ ರೀತಿ ಬೇರೆ, ಒಳಗಿನ ವಿಚಾರ ಒಂದೇ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಪ್ರಾಜೆಕ್ಟಿನ ಅತಿ ಮುಖ್ಯವಾದ ಒಂದು ನಿಯಮ ಯಾವ ಫೈಲಿನಲ್ಲಿದೆ ಅಂತ ಹುಡುಕಿ. ಅದು ಬಟನ್ನಿನ ಹಿಂದೆ ಕೂತಿದ್ದರೆ, ಬರೆದವರು ಇನ್ನೂ ಪಕ್ಕದ ಸೀಟಿನಲ್ಲಿ ಇರುವಾಗಲೇ ಕೇಳಿ ಹೊರಗೆ ತನ್ನಿ. ಮುಂದಿನ ಸಲ ಸಿಗೋಣ.