ಆರೂವರೆ ಮೂಟೆ ದೂಳು

ಮೇಘಾಲಯದ ಮೌಸಿನ್‌ರಾಮ್‌ನಲ್ಲಿ ವರ್ಷಕ್ಕೆ ಸರಾಸರಿ 11,800 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮ ಆಗುಂಬೆಯ ಮಳೆಯ ಸುಮಾರು ಒಂದೂವರೆ ಪಟ್ಟು. ಅಲ್ಲಿಂದ ನೇರ ಗೆರೆ ಎಳೆದರೆ 100 ಕಿ.ಮೀ. ಕೂಡ ಆಗದಷ್ಟು ದೂರದಲ್ಲಿ, ಅಸ್ಸಾಂ ಗಡಿಗೆ ಅಂಟಿಕೊಂಡಂತೆ ಬರ್ನಿಹಾಟ್ ಎಂಬ ಪುಟ್ಟ ಪಟ್ಟಣವಿದೆ. ಸ್ವಿಟ್ಜರ್ಲೆಂಡಿನ ಐಕ್ಯೂಏರ್ ಸಂಸ್ಥೆ 2024ರ ಗಾಳಿಯ ಲೆಕ್ಕ ಹಾಕಿದಾಗ ಜಗತ್ತಿನ ಅತ್ಯಂತ ಮಲಿನ ಊರು ಎಂದು ಮೊದಲ ಸ್ಥಾನಕ್ಕೆ ಬಂದದ್ದು ಇದೇ. ದೆಹಲಿ ಕೂಡ ಇದರ ಹಿಂದೆ ಉಳಿಯಿತು.

ಅಲ್ಲಿನ ವಾರ್ಷಿಕ ಸರಾಸರಿ, ಒಂದು ಘನ ಮೀಟರ್ ಗಾಳಿಯಲ್ಲಿ 128.2 ಮೈಕ್ರೋಗ್ರಾಂ ಪಿ.ಎಂ. 2.5, ಅಂದರೆ 2.5 ಮೈಕ್ರಾನಿಗಿಂತ ದೊಡ್ಡದಲ್ಲದ ದೂಳಿನ ಕಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 5. ನಮ್ಮ ದೇಶದ ಮಿತಿ 40. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು, ಅಷ್ಟಕ್ಕೆ ಹೆದರುವುದೇನು ಎನಿಸಬಹುದು. ಎಣಿಸಿ ನೋಡೋಣ. ದೊಡ್ಡವರೊಬ್ಬರು ದಿನಕ್ಕೆ ಸುಮಾರು 11,000 ಲೀಟರ್, ಅಂದರೆ 11 ಘನ ಮೀಟರ್ ಗಾಳಿ ಉಸಿರಾಡುತ್ತಾರೆ. ಬರ್ನಿಹಾಟ್‌ನ ಗಾಳಿಯಾದರೆ ಅದರೊಳಗೆ 1.4 ಮಿಲಿಗ್ರಾಂ ಸೂಕ್ಷ್ಮ ದೂಳು. ಎಲ್ಲ ಕಣಗಳೂ ಇರಬಹುದಾದ ಗರಿಷ್ಠ ಗಾತ್ರದವು, 2.5 ಮೈಕ್ರಾನಿನವು ಎಂದು ಹಿಡಿದರೂ ದಿನಕ್ಕೆ ಸುಮಾರು 11 ಕೋಟಿ ಕಣಗಳು ಒಳಗೆ ಹೋಗುತ್ತವೆ. ಅರ್ಧ ಮೈಕ್ರಾನಿನವಾದರೆ ಅದರ 125 ಪಟ್ಟು. ನಿಜವಾದ ಹೊಗೆಯಲ್ಲಿ ಚಿಕ್ಕ ಕಣಗಳೇ ಹೆಚ್ಚು.

ಇಷ್ಟು ದೂಳು ಎಲ್ಲಿಂದ? ಉಕ್ಕು, ಫೆರೋಅಲಾಯ್, ಸಿಮೆಂಟ್ ಕಾರ್ಖಾನೆಗಳು ಅಲ್ಲಿವೆ. ಗುವಾಹಟಿ–ಶಿಲ್ಲಾಂಗ್ ಹೆದ್ದಾರಿಯ ಲಾರಿಗಳ ಸಾಲೂ ಇದೆ. ಆದರೆ ಇಂಥ ಊರುಗಳು ದೇಶದಲ್ಲಿ ಬೇಕಾದಷ್ಟಿವೆ. ಬರ್ನಿಹಾಟ್ ಕೂತ ಜಾಗ ಬೇರೆ. ದಕ್ಷಿಣಕ್ಕೆ 1,500 ಮೀಟರ್ ಎತ್ತರದ ಶಿಲ್ಲಾಂಗ್ ಪ್ರಸ್ಥಭೂಮಿ, ಉತ್ತರಕ್ಕೆ ಬ್ರಹ್ಮಪುತ್ರದ ಬಯಲು, ನಡುವೆ ಗುಡ್ಡಗಳ ಬುಡದ ತಗ್ಗಿನಲ್ಲಿ ಊರು. ಮುಂಗಾರಿನ ಮೋಡ ಪ್ರಸ್ಥಭೂಮಿಯ ದಕ್ಷಿಣದ ಅಂಚಿಗೆ ಬಡಿದು ಮೌಸಿನ್‌ರಾಮ್‌ನಲ್ಲಿ ಸುರಿದುಬಿಡುತ್ತದೆ. ಬರ್ನಿಹಾಟ್ ಅದರ ಬೆನ್ನ ಹಿಂದಿನ ಊರು, ದೂಳು ತೊಳೆಯುವ ಮಳೆ ಅಲ್ಲಿಗೆ ಅಷ್ಟಾಗಿ ತಲುಪುವುದಿಲ್ಲ. ಘಟ್ಟದ ಪೂರ್ವಕ್ಕೆ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಚಳಿಗಾಲದಲ್ಲಿ ಮೇಘಾಲಯಕ್ಕೂ ಮಳೆ ಅಪರೂಪ. ಆಗ ಶುರುವಾಗುವುದು ಇನ್ನೊಂದು ಸಂಗತಿ. ಸಾಮಾನ್ಯವಾಗಿ ಒಂದು ಕಿ.ಮೀ. ಮೇಲೆ ಹೋದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ನೆಲದ ಬಿಸಿಗಾಳಿ ಹೊಗೆಯನ್ನೂ ಎತ್ತಿಕೊಂಡು ಏರುತ್ತದೆ. ಚಳಿಗಾಲದ ರಾತ್ರಿ ಇದು ತಿರುಗುಮುರುಗು. ಗುಡ್ಡದ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ, ಮೇಲಿನ ಬೆಚ್ಚನೆಯ ಗಾಳಿ ಪಾತ್ರೆಯ ಮುಚ್ಚಳದ ಹಾಗೆ ಕೂರುತ್ತದೆ. ಮಲೆನಾಡಿನಲ್ಲಿ ಪುಷ್ಯದ ಬೆಳಗ್ಗೆ ಬಚ್ಚಲೊಲೆಯ ಹೊಗೆಯನ್ನು ಗಮನಿಸಿ: ನೆಟ್ಟಗೆ ಏರುತ್ತದೆ, ಅಡಿಕೆ ಮರದ ತುದಿಯ ಹತ್ತಿರ ತಟ್ಟನೆ ನಿಲ್ಲುತ್ತದೆ, ಆಮೇಲೆ ತೋಟದ ಉದ್ದಕ್ಕೂ ಚಪ್ಪಟೆಯಾಗಿ ಹರಡುತ್ತದೆ. ಹೊಗೆ ನಿಂತ ಆ ಎತ್ತರವೇ ಮುಚ್ಚಳ.

ಈ ಮುಚ್ಚಳ ಬೇಸಿಗೆಯ ಮಧ್ಯಾಹ್ನ 1,500 ಮೀಟರ್ ಮೇಲಿದ್ದರೆ, ಚಳಿಗಾಲದ ರಾತ್ರಿ ಕಣಿವೆಯಲ್ಲಿ 100 ಮೀಟರಿಗೂ ಇಳಿಯಬಹುದು. ಉದ್ದಗಲ ಐದೈದು ಕಿ.ಮೀ. ಇರುವ ಒಂದು ಊರನ್ನು ಊಹಿಸಿಕೊಳ್ಳಿ. 100 ಮೀಟರ್ ಎತ್ತರದವರೆಗೆ ಅಲ್ಲಿರುವುದು 250 ಕೋಟಿ ಘನ ಮೀಟರ್ ಗಾಳಿ. ಅಷ್ಟನ್ನೂ ಬರ್ನಿಹಾಟ್‌ನ ಸರಾಸರಿಯಷ್ಟು ಕೆಡಿಸಲು ಎಷ್ಟು ದೂಳು ಬೇಕು? 320 ಕಿಲೋ. ಐವತ್ತು ಕಿಲೋ ಸಿಮೆಂಟ್ ಮೂಟೆಯ ಲೆಕ್ಕದಲ್ಲಿ ಸುಮಾರು ಆರೂವರೆ ಮೂಟೆ. ಒಂದು ಗೂಡ್ಸ್ ಆಟೊದ ಸರಕು. ಇಡೀ ಊರಿನ ಉಸಿರು ಕೆಡಲು ಅಷ್ಟು ಸಾಕು! ಅದೇ 320 ಕಿಲೋ 1,500 ಮೀಟರಿನವರೆಗೆ ಹರಡಿದ್ದರೆ ಸಾಂದ್ರತೆ 8.5 ಮೈಕ್ರೋಗ್ರಾಂ ಮಾತ್ರ. ಕಾರ್ಖಾನೆ ಒಂದು ಚಮಚ ದೂಳನ್ನೂ ಹೆಚ್ಚು ಉಗುಳಿಲ್ಲ, ಗಾಳಿ ಮಾತ್ರ ಹದಿನೈದು ಪಟ್ಟು ಕೆಟ್ಟಿದೆ.

ಇದು ಬರಿಯ ಲೆಕ್ಕವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಡೊನೋರಾ 1948ರಲ್ಲಿ ಸುಮಾರು 14,000 ಜನರ ಊರಾಗಿತ್ತು. ನದಿಯ ತಿರುವಿನಲ್ಲಿ ಸತು, ಉಕ್ಕಿನ ಕಾರ್ಖಾನೆಗಳು, ಸುತ್ತ ನೂರಿಪ್ಪತ್ತು ಮೀಟರಿನ ಗುಡ್ಡಗಳು. ಆ ವರ್ಷದ ಅಕ್ಟೋಬರ್ 27ರಿಂದ ಐದು ದಿನ ಮುಚ್ಚಳ ಮೇಲೇಳಲೇ ಇಲ್ಲ. ಚಿಮಣಿಗಳಿಂದ ಬಂದದ್ದು ದಿನವೂ ಬರುತ್ತಿದ್ದ ಹೊಗೆಯೇ. 20 ಮಂದಿ ಸತ್ತರು, ಸುಮಾರು 6,000 ಜನ ಕಾಯಿಲೆ ಬಿದ್ದರು. 31ರಂದು ಮಳೆ ಬಂದಾಗ ಗಾಳಿ ತಿಳಿಯಾಯಿತು.

ಕಾರ್ಖಾನೆಗೆ ಅನುಮತಿ ಕೊಡುವವರು ಚಿಮಣಿಯಿಂದ ಎಷ್ಟು ಹೊರಬರುತ್ತದೆ ಎಂದಷ್ಟೇ ಕೇಳಿದರೆ ಸಾಲದು. ಊರು ತಗ್ಗಿನಲ್ಲಿದೆಯೇ, ಜನವರಿಯ ರಾತ್ರಿ ಅಲ್ಲಿ ಮುಚ್ಚಳ ಎಷ್ಟು ಕೆಳಗೆ ಇಳಿಯುತ್ತದೆ ಎಂದು ಅಳೆಯಬೇಕು, ಆ ಅಳತೆಗೆ ತಕ್ಕಂತೆ ಹೊಗೆಯ ಮಿತಿ ಗೊತ್ತುಮಾಡಬೇಕು. ಜುಲೈಯ ಗಾಳಿಯನ್ನು ನಂಬಿ ಕೊಟ್ಟ ಅನುಮತಿಯ ಬೆಲೆಯನ್ನು ಚಳಿಗಾಲದಲ್ಲಿ ಮಕ್ಕಳ ಶ್ವಾಸಕೋಶ ತೆರುತ್ತದೆ.